ಎಮ್ಮೆಗಳ ಹಿತಕ್ಕಾಗಿ ಬದಲಿಸಿದ ಗಾಡಿಗಳು

ಮೋಟರ್‌ಸೈಕಲ್ ಓಡಿಸುವ ಗಂಡಸು ಒಂದು ಕಂಪನಿಯ ಗಾಡಿ ಬಿಟ್ಟು ಇನ್ನೊಂದು ಕಂಪನಿಯದನ್ನು ಹತ್ತುವಾಗ ಬಾಯಲ್ಲಿ ಹೇಳುವ ಕಾರಣವೇ ಬೇರೆ, ಹೊಟ್ಟೆಯಲ್ಲಿ ಇಟ್ಟುಕೊಂಡಿರುವ ಕಾರಣವೇ ಬೇರೆ. ಮೈಲೇಜು ಕಮ್ಮಿಯಾಯಿತು ಎನ್ನುತ್ತಾನೆ. ಅಸಲಿಗೆ ಎದುರುಮನೆಯವನ ಗಾಡಿಯ ಬಣ್ಣ ಅವನ ಕಣ್ಣಿಗೆ ಬಿದ್ದಿರುತ್ತದೆ. ಬೆನ್ನು ನೋವು, ಡಾಕ್ಟರು ಹೇಳಿದ್ದಾರೆ ಎನ್ನುತ್ತಾನೆ. ಡಾಕ್ಟರಿಗೆ ಪಾಪ, ಇವನ ಬಳಿ ಗಾಡಿ ಇದೆ ಎನ್ನುವುದೂ ಗೊತ್ತಿರುವುದಿಲ್ಲ. ನಮ್ಮ ಹೆಣ್ಣುಮಕ್ಕಳೇ ವಾಸಿ. ಹೊಸ ಸೀರೆ ಬೇಕೆಂದರೆ ಬೇಕು, ಅಷ್ಟೇ. ನನಗೊಂದು ಹೊಸ ಗಾಡಿಯ ಮೇಲೆ ಆಸೆಯಾಗಿದೆ ಎಂದು ಬಾಯಿಬಿಟ್ಟು ಹೇಳುವ ಎದೆ ಮಾತ್ರ ಗಂಡಸಿಗಿಲ್ಲ. ನನಗೂ ಇರಲಿಲ್ಲ. ಆದರೆ ಒಂದು ಮಾತು ಹೆಮ್ಮೆಯಿಂದ ಹೇಳುತ್ತೇನೆ: ನಾನು ಹೇಳುತ್ತ ಬಂದ ಕಾರಣವನ್ನು ಈ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ಇನ್ನೊಬ್ಬ ಸವಾರ ಹೇಳಿರಲಿಕ್ಕಿಲ್ಲ. ನನ್ನ ಕಾರಣ ಎಮ್ಮೆ.

ನಾನು ಪಶು ಆಸ್ಪತ್ರೆಯ ನೌಕರ. ಡಾಕ್ಟರಲ್ಲ, ಡಾಕ್ಟರು ಹೇಳಿದಲ್ಲಿ ಸೂಜಿ ಚುಚ್ಚುವವನು. ಹಳ್ಳಿಯ ಜನಕ್ಕೆ ಈ ವ್ಯತ್ಯಾಸ ಬೇಕಾಗಿಲ್ಲ, ದನದ ಡಾಕ್ಟರು ಎಂದೇ ಕರೆಯುತ್ತಾರೆ. ನಾನೂ ತಿದ್ದುವ ಗೋಜಿಗೆ ಹೋಗಿಲ್ಲ. ಕಾಲುಬಾಯಿ ಬೇನೆಯ ಲಸಿಕೆ ಬಂತೆಂದರೆ ಐಸ್ ಡಬ್ಬಿಯನ್ನು ಗಾಡಿಗೆ ಕಟ್ಟಿಕೊಂಡು ಹಳ್ಳಿ ಹಳ್ಳಿ ತಿರುಗುವುದು ನನ್ನ ಪಾಡು. ಹಾಗಾಗಿ ಗಾಡಿ ನನಗೆ ಶೋಕಿಯಲ್ಲ, ಅನ್ನ. ಇನ್ನೊಂದು ಮಾತು: ಯಾವ ಕಂಪನಿಯ ಹೆಸರನ್ನೂ ಇಲ್ಲಿ ಎತ್ತುವುದಿಲ್ಲ. ನಮ್ಮ ಬೀಗರಲ್ಲಿ ಒಬ್ಬೊಬ್ಬರದು ಒಂದೊಂದು ಕಂಪನಿ, ಒಬ್ಬೊಬ್ಬರೂ ತಮ್ಮ ಕಂಪನಿಯನ್ನು ಮನೆದೇವರ ಹಾಗೆ ನಂಬಿದವರು. ಒಂದನ್ನು ಹೊಗಳಿದರೆ ಇನ್ನೊಂದು ಮನೆಯ ಹೋಳಿಗೆ ತಪ್ಪುತ್ತದೆ.

ನನ್ನ ಮೊದಲ ಗಾಡಿ ಹಿರೇಕೆರೂರಿನಲ್ಲಿ ಕೊಂಡ ಸೆಕೆಂಡ್ ಹ್ಯಾಂಡು. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು, ಅದು ಹೊಗೆ ಬೆರೆಸಿ ಬಿಡುತ್ತಿತ್ತು. ನಾನು ಚಿಕ್ಕೇರೂರಿನ ತಿರುವಿನಲ್ಲಿರುವಾಗಲೇ ಅದರ ಸಪ್ಪಳ ಊರೊಳಗೆ ಹೋಗಿ ಕೂತಿರುತ್ತಿತ್ತು. ನೌಕರಿಯ ಮೊದಲ ದಿನಗಳಲ್ಲಿ ಅಲ್ಲಿಯ ದನಗಳು ನನ್ನನ್ನು ನೆಂಟನಂತೆ ಕಂಡವು. ಸೂಜಿಯ ರುಚಿ ಕಂಡ ಮೇಲೆ ಕಥೆ ತಿರುಗಿತು. ನಾನು ಮನೆ ಮುಟ್ಟುವುದರೊಳಗೆ ಎಮ್ಮೆಗಳು ಗೂಟ ಕಿತ್ತುಕೊಂಡು ಗೋವಿನಜೋಳದ ಹೊಲ ಸೇರಿರುತ್ತಿದ್ದವು. ಅಲ್ಲಿ ಒಬ್ಬ ಗೌಡರ ಹೋರಿಯಿತ್ತು. ದೀಪಾವಳಿಯಲ್ಲಿ ಕೊರಳ ತುಂಬ ಕೊಬ್ಬರಿ ಕಟ್ಟಿಕೊಂಡು, ಅದನ್ನು ಹರಿಯಲು ಮೈಮೇಲೆ ಬೀಳುವ ಗಂಡಸರ ಸಾಲನ್ನು ಸೀಳಿಕೊಂಡು ಓಡುವ ಹೆಸರುವಾಸಿ ಹೋರಿ. ಅದೂ ನನ್ನನ್ನು ಕಂಡು ಬಣವೆಯ ಹಿಂದೆ ಅಡಗಿತು. ಗೌಡರಿಗೆ ಮರ್ಯಾದೆಯ ಪ್ರಶ್ನೆ. "ಡಾಕ್ಟ್ರ, ಊರಾಗ ಯಾರ ಮುಂದೂ ಈ ಮಾತು ಆಡಬ್ಯಾಡ್ರಿ" ಎಂದು ಕೈ ಹಿಡಿದುಕೊಂಡು, ಆಮೇಲೆ ಗಾಡಿಯ ಕಡೆ ಬೆರಳು ಮಾಡಿದರು: "ಇದರ ಸಪ್ಪಳಕ್ಕರೀ ಅದು ಹೆದರೂದು. ಮೊದ್ಲ ಇದನ್ನ ಬದ್ಲಿ ಮಾಡ್ರಿ."

ನನ್ನ ತಲೆಯಲ್ಲಿ ದೀಪ ಹತ್ತಿತು. ಅಷ್ಟರಲ್ಲಿ ಸವಣೂರಿಗೆ ವರ್ಗವೂ ಆಯಿತು. ಅಲ್ಲಿಯ ಗ್ಯಾರೇಜಿನ ಮೇಸ್ತ್ರಿ ನನ್ನ ಗಾಡಿಯನ್ನು ಸುತ್ತಲೂ ನೋಡಿ, "ಇದಕ್ಕ ನಾ ಕೈ ಹಚ್ಚೂದಿಲ್ರಿ ಸಾಹೇಬ್ರ, ಇದರ ಸಾಮಾನು ಸಿಗೂದಿಲ್ಲ" ಎಂದುಬಿಟ್ಟ. ಸರಿ, ಅವನಿಗೆ ಕೈ ಹಚ್ಚಲು ಬರುವ ಕಂಪನಿಯದನ್ನೇ ಕೊಂಡೆ. ಹೊಗೆಯಿಲ್ಲ, ಗದ್ದಲವಿಲ್ಲ, ಅಳಿಯಂದಿರಿಗೆ ಕೊಡುವಂಥ ಸಭ್ಯ ಗಾಡಿ. ಏನು ಹೇಳಲಿ, ಸವಣೂರಿನ ಎಮ್ಮೆಗಳು ನಾನು ಹೋಗಿ ಪಕ್ಕದಲ್ಲಿ ನಿಂತರೂ ಮೆಲುಕು ನಿಲ್ಲಿಸಲಿಲ್ಲ! ಆ ಸಂತೋಷಕ್ಕೆ ಆಸ್ಪತ್ರೆಯವರಿಗೆಲ್ಲ ಚಹಾದ ಜೊತೆ ತಿನ್ನಲು ಸವಣೂರು ಖಾರ ತರಿಸಿ ಹಂಚಿದೆ. ಮುಂದೆ ಅವೂ ಆ ಗಾಡಿಯ ಗುರುತು ಹಿಡಿದು ಓಡತೊಡಗಿದವು. ಶಿಗ್ಗಾವಿಗೆ ವರ್ಗವಾದಾಗ ಭಾರಿ ಇಂಜಿನ್ನಿನ, ಎದೆ ನಡುಗಿಸುವ ಗಾಡಿ ಕೊಂಡೆ. ಅಲ್ಲಿಯ ಹುಲಗೂರಿನಲ್ಲಿ ಮತ್ತೆ ಅದೇ ಕಥೆ: ಮೊದಲು ಎಮ್ಮೆಗಳ ಪ್ರೀತಿ, ಆಮೇಲೆ ಪಲಾಯನ. ಕಡೆಗೆ ಹಾನಗಲ್ಲಿಗೆ ಬಂದಾಗ ಈಗಿರುವ ಕರಿ ಗಾಡಿ. ಪ್ರತಿ ಸಲವೂ ಹೆಂಡತಿ ಗಿರಿಜಾಳಿಗೆ ನಾನು ಹೇಳಿದ್ದು ಒಂದೇ: "ಎಮ್ಮಿ ಸಲುವಾಗಿ."

ಈ ಕರಿ ಗಾಡಿಯ ಗುರುತೂ ಹಾನಗಲ್ಲಿನ ದನಗಳಿಗೆ ಸಿಕ್ಕು ಬಹಳ ಕಾಲವಾಯಿತು. ಅದೇ ಹೊತ್ತಿಗೆ ಬಸ್ ಸ್ಟ್ಯಾಂಡಿನ ಹತ್ತಿರದ ಶೋರೂಮಿಗೆ ಹೊಸದೊಂದು ಕಂಪನಿಯ ಗಾಡಿ ಬಂದು ಗಾಜಿನ ಹಿಂದೆ ನಿಂತಿತು. ಕಡುನೀಲಿ ಬಣ್ಣ. ನಾನು ಚಹಾ ಕುಡಿಯುವ ಅಂಗಡಿಯನ್ನೇ ಅದರ ಎದುರಿಗೆ ಬದಲಿಸಿಕೊಂಡೆ. ನಿವೃತ್ತಿಗೆ ಮೊದಲು ಇದೊಂದು ಗಾಡಿ ಹತ್ತದಿದ್ದರೆ ಜನ್ಮ ವ್ಯರ್ಥ ಎನ್ನಿಸತೊಡಗಿತು. ಒಂದು ದಿನ ಊಟದ ಹೊತ್ತಿಗೆ, ರೊಟ್ಟಿ ಬಹಳ ಚೆನ್ನಾಗಿದೆ ಎಂದು ಮೊದಲು ಹೊಗಳಿ, ಆಮೇಲೆ ಮಾತು ತೆಗೆದೆ.

"ಮತ್ತ ಎಮ್ಮಿ ಏನು?" ಎಂದಳು ಗಿರಿಜಾ, ತಲೆ ಎತ್ತದೆ.

"ಹೌದು. ಆಡೂರಾಗ ಫಕ್ಕೀರವ್ವನ ಎಮ್ಮಿಗೆ ಈ ಸಲ ಲಸಿಕಿ ಹಾಕಾಕ ಆಗಿಲ್ಲ. ನನ್ನ ಗಾಡಿ ಸಪ್ಪಳಾ ಕೇಳಿದ್ರ ಸಾಕು, ಗೂಟ ಕಿತ್ತು ಓಡತೈತಿ. ಸರಕಾರದ ಕೆಲಸ, ಬಿಡಾಕ ಬರೂದಿಲ್ಲ."

"ಈ ಗಾಡಿಗೆ ಎಷ್ಟ್ ಅಮಾಸಿ ನಿಂಬಿಹಣ್ಣ ಇಟ್ಟೇನಿ, ಎಷ್ಟ್ ಸಲ ವಿಭೂತಿ ಹಚ್ಚೇನಿ. ಮನೀ ಮಗಳಂಗ ಆಗೇತಿ. ಎಮ್ಮಿ ಮಾತ ಕೇಳಿ ಇದನ್ನ ಹೊರಗ ಹಾಕಂತೀರಿ?" ಎಂದು ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. "ಹಂಗಾರ ಒಂದ್ ಮಾತು. ನಾ ಕಣ್ಣಾರೆ ನೋಡ್ತೇನಿ. ನಮ್ಮ ಬಸುನ ಹಂತೇಕ ಐತೆಲ್ಲ ಅದ ನೀಲಿ ಗಾಡಿ, ಅದನ್ನ ತರಿಸ್ರಿ. ಅದರ ಮ್ಯಾಲೆ ಆಡೂರಿಗೆ ಹೋಗೂಣು. ಎಮ್ಮಿ ಸುಮ್ನ ನಿಂತು ಸೂಜಿ ಹಾಕಿಸ್ಕೊಂತಂದ್ರ ಹಂಗ ಸೀದಾ ಶೋರೂಮಿಗೆ ಹೋಗೂಣು. ಓಡ್ತಂದ್ರ ನೀವು ರಿಟೈರ್ ಆಗೂತನಾ ಗಾಡಿ ಸುದ್ದಿ ತಗೀಬಾರ್ದು. ಒಪ್ಪಿಗಿ?"

ಒಪ್ಪಿದೆ. ನನಗೆ ಎಮ್ಮೆಗಳ ಮೇಲೆ ಅಷ್ಟು ಭರವಸೆ. ಬಸು, ಅಂದರೆ ಗಿರಿಜಾಳ ತಮ್ಮ, ಭಾನುವಾರ ಶಿಗ್ಗಾವಿಯಿಂದ ತನ್ನ ನೀಲಿ ಗಾಡಿ ಏರಿ ಬಂದ. ಕೀಲಿ ಕೊಡುವಾಗ, "ಮಾಮಾರ, ಗೇರ್ ಸಾವಕಾಶ ಹಾಕ್ರಿ, ಎಮ್ಮಿ ಹಿಂದ ಕಬ್ಬಿನಾಗ ಇಳಸಬ್ಯಾಡ್ರಿ" ಎಂದು ಮಗಳನ್ನು ಗಂಡನ ಮನೆಗೆ ಕಳಿಸುವವನಂತೆ ಮೋರೆ ಮಾಡಿದ. ನಾನು ಹತ್ತಿದೆ. ಹಿಂದೆ ಗಿರಿಜಾ ಸೆರಗು ಸುತ್ತಿಕೊಂಡು, ಐಸ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಆಹಾ, ಗಾಡಿ ಎಂದರೆ ಗಾಡಿ! ಎರಡೂ ಬದಿಯ ಭತ್ತದ ಗದ್ದೆಗಳೇ ಹಿಂದಕ್ಕೆ ಓಡುತ್ತಿದ್ದವು, ನಾವು ಸುಮ್ಮನೆ ಕುಳಿತಂತಿತ್ತು. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅದಕ್ಕೆ ಸೀಟ್ ಕವರ್ ಹಾಕಿಸಿದೆ, ನಂಬರ್ ಪ್ಲೇಟ್ ಬರೆಸಿದೆ.

ಫಕ್ಕೀರವ್ವನ ಮನೆಯ ಮುಂದಿನ ಬೇವಿನ ಗಿಡದ ಕೆಳಗೆ ಎಮ್ಮೆ ಮಲಗಿತ್ತು. ಗಾಡಿಯನ್ನು ಅದರ ಮೂಗಿನ ಹತ್ತಿರವೇ ತಂದು ನಿಲ್ಲಿಸಿದೆ. ಎಮ್ಮೆ ಒಂದು ಕಿವಿ ಆಡಿಸಿತು, ಅಷ್ಟೇ. ಮೆಲುಕು ನಡೆದೇ ಇತ್ತು. ಬೇಕೆಂದೇ ಎಕ್ಸಿಲರೇಟರ್ ತಿರುವಿ ಸಪ್ಪಳ ಮಾಡಿದೆ. ಕಣ್ಣು ಮುಚ್ಚಿಕೊಂಡಿತು. ನನಗೆ ಎಮ್ಮೆಯ ಕಾಲು ಹಿಡಿಯುವಷ್ಟು ಸಂತೋಷ. ಹಿಂದೆ ತಿರುಗಿ, "ನೋಡಿದ್ಯಾ?" ಎಂದೆ.

"ನೋಡಾಕತ್ತೇನಿ. ಇನ್ನಾ ನೀವು ಇಳದಿಲ್ಲ" ಎಂದಳು.

ಇಳಿದೆ. ಹೆಲ್ಮೆಟ್ ತೆಗೆದು ಕನ್ನಡಿಗೆ ಸಿಕ್ಕಿಸಿದೆ. ಎಲ್ಲ ಮನೆಗಳ ಮುಂದೆಯೂ ಮಾಡುವಂತೆ ಒಮ್ಮೆ ಗಂಟಲು ಸರಿಮಾಡಿಕೊಂಡು, "ಯಾರದೀರವಾ ಒಳಗ?" ಎಂದು ಕೂಗಿದೆ. ಆಮೇಲೆ ನಡೆದದ್ದನ್ನು ನಾನು ಪೂರ್ತಿ ನೋಡಲಿಲ್ಲ, ಏಕೆಂದರೆ ಜಿಗಿದು ಕಟ್ಟೆ ಹತ್ತುವುದರಲ್ಲಿದ್ದೆ. ಎಮ್ಮೆ ಎದ್ದದ್ದು, ಗೂಟ ಮಣ್ಣಿನಿಂದ ಮೇಲಕ್ಕೆ ಹಾರಿದ್ದು, ನೀರಿನ ಕೊಡ ಉರುಳಿದ್ದು ಒಟ್ಟಿಗೇ ಆಯಿತು. ಆ ಗದ್ದಲಕ್ಕೆ ಫಕ್ಕೀರವ್ವ ಹೊರಗೆ ಬಂದು, ಹೊಲದ ಕಡೆ ಕುಣಿಯುತ್ತ ಹೋಗುವ ಗೂಟವನ್ನೂ ಕಟ್ಟೆಯ ಮೇಲಿನ ನನ್ನನ್ನೂ ನೋಡಿ, "ಬಂದ್ರೇನ್ರಿ, ಕುಂತ್ಕೊರ್ರಿ" ಎಂದಳು.

"ಹೊಸಾ ಗಾಡಿ ತಂದೇನವಾ, ಆದ್ರೂ ಓಡಿತಲ್ಲ" ಎಂದೆ.

"ಗಾಡಿಗ್ಯಾಕ ಓಡತೈತ್ರಿ ನಮ್ಮೆಮ್ಮಿ? ದಿನಾ ಹಾಲಿನಾಂವ ಬರ್ತಾನ, ಮೀನ ಮಾರಾಂವ ಬರ್ತಾನ, ಎಲ್ಲಾರದೂ ಗಾಡೀನ. ಏಳೂದ ಇಲ್ಲ. ಹಿಂದ ಒಮ್ಮಿ ನಿಮ್ಮ ಗಾಡಿ ಕೆಟ್ಟೈತಿ ಅಂತ ಬಸ್ಸಿನ್ಯಾಗ ಬಂದು ಇಲ್ಲೀತನಾ ನಡಕೋತ ಬಂದಿದ್ರಲ್ರಿ, ಆವಾಗೂ ಹಿಂಗ ಓಡಿತ್ತು."

ನಾನು ಸೋಲೊಪ್ಪುವವನಲ್ಲ. ಕಟ್ಟೆಯ ಮೇಲೆ ಕುಳಿತೇ ಗಿರಿಜಾಳಿಗೆ ಹಳೆಯ ಸಾಕ್ಷಿಗಳನ್ನೆಲ್ಲ ತೆಗೆದೆ. ಸವಣೂರಿನಲ್ಲಿ ಹೊಸ ಗಾಡಿ ಕೊಂಡಾಗ ಎಮ್ಮೆ ನಿಂತಿರಲಿಲ್ಲವೇ? ಹುಲಗೂರಿನಲ್ಲಿ ನಿಂತಿರಲಿಲ್ಲವೇ? ಇಲ್ಲಿಗೆ ಬಂದ ಹೊಸತರಲ್ಲಿ ಇದೇ ಎಮ್ಮೆ ನನ್ನ ಕೈ ನೆಕ್ಕಿರಲಿಲ್ಲವೇ? ಅವಳು ಐಸ್ ಡಬ್ಬಿಯನ್ನು ಕೆಳಗಿಟ್ಟು ಸಮಾಧಾನವಾಗಿ ಕೇಳಿಸಿಕೊಂಡಳು.

"ನೀವು ಗಾಡಿ ಬದ್ಲಿ ಮಾಡಿದಾಗೆಲ್ಲಾ ಊರೂ ಬದ್ಲಿ ಆಗಿತ್ತಲ್ರಿ" ಎಂದಳು. "ಸವಣೂರ ಎಮ್ಮಿಗೆ ನೀವ್ಯಾರಂತ ಏನ್ ಗೊತ್ತು? ಸೂಜಿ ಚುಚ್ಚೂತನಾ ಸುಮ್ನ ಇದ್ವು, ಚುಚ್ಚಿದ ಮ್ಯಾಲೆ ಓಡಿದ್ವು. ಇದರಾಗ ಗಾಡೀದೇನ್ ತಪ್ಪೈತಿ?"

ಇಷ್ಟು ವರ್ಷದ ಸರ್ವಿಸ್ಸಿನಲ್ಲಿ ಈ ಒಂದು ಲೆಕ್ಕ ನನಗೆ ಹೊಳೆದಿರಲಿಲ್ಲ. ಹೊಳೆಯದಿದ್ದದ್ದು ಒಳ್ಳೆಯದೇ ಆಯಿತು ಅನ್ನಿ, ಹೊಳೆದಿದ್ದರೆ ಚಿಕ್ಕೇರೂರಿನ ಹೊಗೆ ಗಾಡಿಯ ಮೇಲೇ ನಿವೃತ್ತನಾಗುತ್ತಿದ್ದೆ. ಗಿರಿಜಾ ಫಕ್ಕೀರವ್ವನ ಜೊತೆ ಹೊಲಕ್ಕೆ ಹೋಗಿ, ಎಮ್ಮೆಯ ಕೊರಳು ತುರಿಸುತ್ತ ಅದನ್ನು ಕರೆತಂದಳು. ನಾನು ಉಸಿರು ಬಿಗಿಹಿಡಿದು, ಕೆಮ್ಮದೆ, ಮಾತಾಡದೆ ಹಿಂದಿನಿಂದ ಕಳ್ಳನಂತೆ ಬಂದು ಸೂಜಿ ಹಾಕಿದೆ. ಸರಕಾರದ ಕೆಲಸವಂತೂ ಆಯಿತು. ನನ್ನ ಕೆಲಸ ಮಾತ್ರ ಕೆಟ್ಟಿತು.

ತಿರುಗಿ ಬರುವಾಗ ಗಾಡಿ ಅದೇ ಇತ್ತು, ಗದ್ದೆಗಳು ಮಾತ್ರ ಓಡಲಿಲ್ಲ. ಹಾನಗಲ್ಲಿನ ಬಸ್ ಸ್ಟ್ಯಾಂಡ್ ದಾಟುವಾಗ ಶೋರೂಮಿನ ಗಾಜಿನ ಕಡೆಗೆ ನನ್ನ ಕತ್ತು ತನ್ನಷ್ಟಕ್ಕೆ ತಾನೇ ಹೊರಳಿತು. ಗಿರಿಜಾ ಹಿಂದಿನಿಂದಲೇ ಅದನ್ನು ಹಿಡಿದಳು. ಮನಸ್ಸು ಕರಗಿತೇನೋ, ಬೆನ್ನಿನ ಮೇಲೆ ಮೆಲ್ಲಗೆ ಕೈಯಿಟ್ಟು ಹೇಳಿದಳು:

"ಅಷ್ಟ್ಯಾಕ ಮಾರಿ ಸಣ್ಣ ಮಾಡ್ತೀರಿ? ಹಳೇದು ಕೊಟ್ರ ಹೊಸಾದು ಕೊಡ್ತಾರಂತಲ್ಲ ಅಲ್ಲಿ. ನಾಳೆ ಹೋಗಿ ಕೇಳ್ಕೊಂಡ್ ಬರ್ರಿ. ಗಾಡಿ ಇರ್ಲಿ, ನಿಮ್ಮನ್ನ ತಗೋತಾರೇನು ಅಂತ. ಎಮ್ಮಿಗೂ ಚಲೋ ಆಕ್ಕೈತಿ, ನನಗೂ ಚಲೋ ಆಕ್ಕೈತಿ."

ಈಗಲೂ ದಿನಾ ಕರಿ ಗಾಡಿಯ ಮೇಲೆ ಆ ಶೋರೂಮಿನ ಮುಂದೆಯೇ ಹಾಯುತ್ತೇನೆ. ಒಳಗೆ ಹೋಗಿ ಕೇಳುವ ಧೈರ್ಯ ಮಾತ್ರ ಆಗಿಲ್ಲ. ತಗೊಳ್ಳುವುದಿಲ್ಲ ಎಂದರೆ ಅವಮಾನ, ಅದನ್ನಾದರೂ ನುಂಗಿಕೊಂಡೇನು. ತಗೊಳ್ಳುತ್ತೇವೆ ಎಂದುಬಿಟ್ಟರೆ ಕಷ್ಟ. ಗಿರಿಜಾ ಆಡಿದ ಮಾತಿಗೆ ತಪ್ಪುವವಳಲ್ಲ.