ಕಾಣದ ರಫು

ರಫುಗಾರನಿಗೆ ಕಿಟಕಿ ಪಕ್ಕದ ಕುರ್ಚಿಯೇ ಸಿಂಹಾಸನ. ಹರಿದ ಬಟ್ಟೆಯನ್ನು ಅದರದೇ ನೂಲಿನಿಂದ ಹೆಣೆದು, ಹರಿದಿತ್ತೆಂಬುದೇ ತಿಳಿಯದಂತೆ ಮಾಡಲು ಬೆಳಕು ಬೇಕೇ ಬೇಕು. ಲಾಂಡ್ರಿಯಲ್ಲಿ ಇದ್ದದ್ದು ಒಂದೇ ಕಿಟಕಿ. ಅದರ ಮೇಲೆ ಇಸ್ತ್ರಿಯವನ ಕಣ್ಣು ಬಿದ್ದು ಎಷ್ಟೋ ಕಾಲವಾಗಿತ್ತು.

ಆ ಬೆಳಿಗ್ಗೆ ಯಜಮಾನರು ಫೋನ್ ಕೆಳಗಿಟ್ಟು, "ಡಾಕ್ಟರಮ್ಮ ಮಾಡಿದ್ರು. ಕರಿ ಕೋಟಿನ ಕೆಲಸ ನೋಟಿಸಬ್ಲಿ ಬೆಟರ್ ಅಂತೆ" ಎಂದರು.

"ಹಾಗಂದ್ರೇನು?" ರಫುಗಾರ ಕೇಳಿದ. ಒಗೆಯಲು ಬಂದ ಆ ಕೋಟಿನ ತೋಳಲ್ಲಿ ತೂತು ಕಂಡು, ಯಾರೂ ಹೇಳದಿದ್ದರೂ ಮುಚ್ಚಿದವನು ಅವನೇ.

ಗುಂಡಿ ಹೊಲಿಯುವ ಅಕ್ಕನಿಗೆ ಇಂಗ್ಲಿಷ್ ಬರುತ್ತಿತ್ತು. "ಬೆಟರ್ ಅಂದ್ರೆ ಮೊದಲಿಗಿಂತ ವಾಸಿ. ನೋಟಿಸಬ್ಲಿ ಅಂದ್ರೆ ಎದ್ದು ಕಾಣೋ ಹಾಗೆ."

ರಫುಗಾರನ ಮೈ ಉರಿದುಹೋಯಿತು. "ನನ್ನ ರಫು ಎದ್ದು ಕಾಣುತ್ತಾ?"

"ಹೊಗಳಿದ್ದು ಕಣಯ್ಯಾ."

"ಕಂಡ ಮೇಲೆ ಅದೆಂಥ ರಫು ಅಕ್ಕಾ, ಅದು ತೇಪೆ," ಎಂದು ಇಸ್ತ್ರಿಯವನು ಉರಿಯುವ ಬೆಂಕಿಗೆ ತುಪ್ಪ ಸುರಿದ. "ಅದೂ ಮೊದಲಿಗಿಂತ ವಾಸಿ ಅಂತೆ. ಮೊದಲು ಇನ್ನೆಷ್ಟು ಕಾಣ್ತಿತ್ತೋ."

ಎಂಥ ಅನ್ಯಾಯ! ಕಣ್ಣು ಸೋಲುವಂತೆ ಎಳೆ ಎಳೆ ಹೆಣೆದವನಿಗೆ ಈ ಮಾತೇ? ರಫುಗಾರ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ. ತಮಾಷೆ ನೋಡಲು ಇಸ್ತ್ರಿಯವನು ಬೆನ್ನು ಹತ್ತಿದ. ಹಿಂದೆಯೇ ಏದುಸಿರು ಬಿಡುತ್ತಾ ಯಜಮಾನರು: "ಗಿರಾಕಿ ಜೊತೆ ಜಗಳ ಆಡಿದ್ರೆ ಕುರ್ಚಿ ಹೋಗುತ್ತೆ, ನೋಡ್ಕೋ."

ದವಾಖಾನೆಯಲ್ಲಿ ಕಾಯುತ್ತಿದ್ದವರು ಕೆಮ್ಮುವುದನ್ನೇ ಮರೆತರು.

"ತೋರಿಸಿ ಅಮ್ಮಾ, ಎಲ್ಲಿ ಕಾಣುತ್ತೆ?" ಎಂದು ರಫುಗಾರ ಮೊಳೆಗೆ ತೂಗುಹಾಕಿದ್ದ ಕೋಟನ್ನು ತಾನೇ ಕೆಳಗಿಳಿಸಿದ. ಇಸ್ತ್ರಿಯವನು ಬಲತೋಳು ಎಂದ, ಯಜಮಾನರು ಎಡತೋಳು ಎಂದರು. ಜ್ವರದ ಮುದುಕರೊಬ್ಬರು ಎದ್ದುಬಂದು ಕಾಲರ್ ಹಿಡಿದರು. ಕೊನೆಗೆ ಹೆಣೆದವನಿಗೇ ಜಾಗ ಸಿಗಲಿಲ್ಲ. ರಫುಗಾರನ ಎದೆ ಉಬ್ಬಿತು.

"ಏನ್ರೀ ಹುಡುಕ್ತಿದ್ದೀರಿ?" ಡಾಕ್ಟರಮ್ಮ ಕೇಳಿದರು.

"ರಫು ಅಮ್ಮಾ, ರಫು."

"ರಫುನಾ? ನನ್ನ ಕೋಟು ಯಾವಾಗ ಹರಿದಿತ್ತು? ನಾನು ಹೇಳಿದ್ದು ಇಸ್ತ್ರಿ ವಿಷಯ. ಹೋದ ಸಲಕ್ಕೂ ಈ ಸಲಕ್ಕೂ ಎಷ್ಟು ವ್ಯತ್ಯಾಸ! ನೋಡಿದ ಕೂಡ್ಲೇ ಗೊತ್ತಾಗುತ್ತೆ."

ಇಸ್ತ್ರಿಯವನ ಮುಖ ಊರಗಲವಾಯಿತು. ದಾರಿಯುದ್ದಕ್ಕೂ ಅವನು ಯಜಮಾನರ ಕಿವಿಯ ಹತ್ತಿರವೇ ನಡೆದ.

ಮಧ್ಯಾಹ್ನದ ಹೊತ್ತಿಗೆ ಇಸ್ತ್ರಿ ಮೇಜು ಕಿಟಕಿ ಪಕ್ಕಕ್ಕೆ ಬಂದಿತ್ತು.

"ಇದ್ಯಾವ ನ್ಯಾಯ ಯಜಮಾನ್ರೇ?" ರಫುಗಾರ ಕುರ್ಚಿಯನ್ನು ಬಿಗಿಯಾಗಿ ಹಿಡಿದುಕೊಂಡ. "ನನ್ನ ಕೆಲಸ ಒಬ್ಬರಿಗೂ ಕಾಣಲಿಲ್ಲ. ನೀವೇ ಕಣ್ಣಾರೆ ನೋಡಿದ್ರಿ."

"ಅದಕ್ಕೇ ಮತ್ತೆ," ಎಂದರು ಯಜಮಾನರು, ಅವನ ಕುರ್ಚಿಯನ್ನು ಬೀರುವಿನ ಹಿಂದಿನ ಮೂಲೆಗೆ ಎಳೆಯುತ್ತಾ. "ಹೇಗೂ ಕಾಣದ ಕೆಲಸ. ಕತ್ತಲಲ್ಲೇ ಕೂತು ಮಾಡು."