ಟೀವಿಯಲ್ಲಿ ನನಗೆ ಎರಡೇ ಮಕ್ಕಳು

ನನಗೆ ಐದು ಮಕ್ಕಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಒಮ್ಮೆ ಹೇಳದೆ ಬಿಟ್ಟು ಪಟ್ಟ ಪಾಡು ಸಾಕಾಗಿದೆ. ನಾಲ್ಕು ಹೆಣ್ಣು, ಕೊನೆಗೊಂದು ಗಂಡು. (ಆ ಗಂಡಿನ ಆಸೆಗೇ ಲೆಕ್ಕ ಐದರ ತನಕ ಬೆಳೆಯಿತೆಂದು ನನ್ನ ಹೆಂಡತಿ ಮಹಾದೇವಕ್ಕ ಹೇಳುತ್ತಾಳೆ. ನಾನು ಅಲ್ಲಗಳೆಯುವುದಿಲ್ಲ. ಅಲ್ಲಗಳೆದ ದಿನ ಊಟ ತಡವಾಗುತ್ತದೆ.)

ನಾನು ಸಂಶಿಯ ಸೊಸೈಟಿಯಲ್ಲಿ ಗೊಬ್ಬರ ತೂಗುವ ಕಾರಕೂನ. ಆದರೆ ನನ್ನ ಆತ್ಮವನ್ನು ಕೇಳಿದರೆ ಅದು ತಾನು ನಟನೆಂದು ಹೇಳುತ್ತದೆ. ಊರ ನಾಟಕಗಳಲ್ಲಿ ಹದಿನಾಲ್ಕು ವರ್ಷ ರಾಜ್ಯಭಾರ ಮಾಡಿದವನು ನಾನು. ಹಾಗಾಗಿ ಎಪ್ಪತ್ತಾರರ ಜನವರಿಯಲ್ಲಿ ಟೀವಿಯವರ ಜೀಪು ನಮ್ಮೂರಿಗೆ ಬಂದು, ಧಾರವಾಡದ ಮಾತು ಬಲ್ಲ ನಟರು ಬೇಕೆಂದಾಗ, ನಾನು ತಕ್ಕಡಿ ಬಿಟ್ಟು ಓಡಿದೆ.

ಆಗ ನಮ್ಮ ಕಡೆ ಟೀವಿ ಇರಲಿಲ್ಲ. ಮಲಪ್ರಭೆ ದಾಟಿ ವಿಜಾಪುರ ಜಿಲ್ಲೆಗೆ ಹೋದರೆ ಕೆಲವು ಹಳ್ಳಿಗಳ ಶಾಲೆಯ ಮಾಳಿಗೆಯ ಮೇಲೆ ತಂತಿಬಲೆಯ ದೊಡ್ಡ ಛತ್ರಿ ನಿಲ್ಲಿಸಿ, ಆಕಾಶದಿಂದ ಚಿತ್ರ ಇಳಿಸುತ್ತಿದ್ದರು. ಸರಕಾರದ ಬುದ್ಧಿಮಾತನ್ನು ಬರಿದೇ ಹೇಳಿದರೆ ಜನ ಎದ್ದು ಹೋಗುತ್ತಾರೆ, ಅದನ್ನು ನಗೆನಾಟಕದಲ್ಲಿ ಬೆರೆಸಿ ಕುಡಿಸಬೇಕು, ಕಷಾಯಕ್ಕೆ ಬೆಲ್ಲ ಹಾಕಿದ ಹಾಗೆ ಎಂದು ಟೀವಿಯ ಸಾಹೇಬರು ವಿವರಿಸಿದರು. ನಾನು ಬೆಲ್ಲವಾಗಲು ಒಪ್ಪಿದೆ.

ಈ ಸಲದ ಕಷಾಯ ಕುಟುಂಬ ಯೋಜನೆ. ನನಗೆ ಎರಡೇ ಮಕ್ಕಳ ಸುಖೀ ತಂದೆಯ ಪಾತ್ರ. ಎಂಟು ಮಕ್ಕಳ ನೆರೆಮನೆಯವನಾಗಿ ನಮ್ಮೂರ ನಾಟಕದ ಗುಡದಪ್ಪ. (ಅವನಿಗೆ ಇನ್ನೂ ಮದುವೆಯೇ ಆಗಿರಲಿಲ್ಲ.) ನನ್ನ ಹೆಂಡತಿಯಾಗಿ ಹುಬ್ಬಳ್ಳಿಯಿಂದ ಒಬ್ಬ ನಟಿ ಬಂದಿದ್ದಳು. ಮಕ್ಕಳು ಇದ್ದಾರೇನು ಎಂದು ಸಾಹೇಬರು ನನ್ನನ್ನು ಕೇಳಿದರು. ಇದ್ದಾರೆ ಎಂದೆ. ಎಷ್ಟೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಬರೆದುಕೊಟ್ಟ ಮಾತು ಸಪ್ಪೆಯಾಗಿತ್ತು. 'ಎರಡು ಮಕ್ಕಳು ಸಾಕು' ಅಂದರೆ ಯಾರು ನಗುತ್ತಾರೆ? ನಾನು ಸ್ವಂತ ಬುದ್ಧಿಯಿಂದ ಒಂದು ಮಾತು ಸೇರಿಸಿದೆ: "ಮೂರನೇದು ಅಂದ್ರ ಕರೀಲಾರದ ಬಂದ ಬೀಗರಿದ್ದಂಗ. ಉಂಡು ಹೋಗ್ತಾರ ಅಂತ ಕಾಯಬೇಕು, ಅವರು ಹೋಗೂದಿಲ್ಲ." ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅದನ್ನೇ ಇಟ್ಟರು.

ಮೇ ತಿಂಗಳಲ್ಲಿ ಅದು ಪ್ರಸಾರವಾಗುವುದೆಂದು ಕಾಗದ ಬಂತು. ನನ್ನ ಹೆಂಡತಿಯ ತವರು ಬಾದಾಮಿ ಕಡೆಯ ಹಳ್ಳಿ. ಅಲ್ಲಿನ ಶಾಲೆಯಲ್ಲಿ ಟೀವಿ ಇತ್ತು. ಬೇಸಿಗೆ ರಜೆ ಬೇರೆ. ಏಳೂ ಜನ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ನಾನು ಒಂದೇ ಮಾತು ಹೇಳುತ್ತ ಬಂದೆ: ಅದರಲ್ಲಿ ಒಂದು ಭಾರಿ ನಗೆಮಾತಿದೆ, ಅದು ಸರಕಾರದ್ದಲ್ಲ, ನನ್ನ ಸ್ವಂತದ್ದು.

ಸಂಜೆ ಶಾಲೆಯ ಅಂಗಳದಲ್ಲಿ ಊರೇ ನೆರೆದಿತ್ತು. ಅಳಿಯನೆಂದು ನನಗೆ ಕುರ್ಚಿ. ಉಳಿದವರೆಲ್ಲ ನೆಲದ ಮೇಲೆ. ಪೆಟ್ಟಿಗೆಯಲ್ಲಿ ನಾನು ಮೂಡಿದಾಗ ಜನ ಹೋ ಎಂದರು. ಹುಬ್ಬಳ್ಳಿಯ ನಟಿ ನನಗೆ ರೊಟ್ಟಿ ಬಡಿಸಿ, ಬೀಸಣಿಗೆಯಿಂದ ಗಾಳಿ ಹಾಕತೊಡಗಿದಳು. ನನ್ನ ಅತ್ತೆ ಫಕೀರವ್ವ ಜೀವಮಾನದಲ್ಲಿ ನಾಟಕ ನೋಡಿದವಳಲ್ಲ.

"ಅಳಿಯಂದ್ರ, ಆ ಹೆಣಮಗಳು ಯಾರ್ರೀ? ಆ ಎರಡು ಹುಡುಗರು ಯಾರವು?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದಳು.

ನಾನು ಉತ್ತರ ಹುಡುಕುವಷ್ಟರಲ್ಲಿ ನನ್ನ ನಗೆಮಾತು ಬಂತು. ಅಂಗಳವೆಲ್ಲ ನಕ್ಕಿತು. ನಾನು ಆ ನಗುವನ್ನು ಕಣ್ತುಂಬ ನೋಡಲು ಹಿಂದಕ್ಕೆ ತಿರುಗಿದೆ. ಆಗ ಕಂಡದ್ದು ಗುರವ್ವ. ನನ್ನ ಮೂರನೆಯ ಮಗಳು, ಎಂಟು ವರ್ಷದವಳು. ಅವಳು ನಗುತ್ತಿರಲಿಲ್ಲ. ಅಕ್ಕಂದಿರಿಬ್ಬರನ್ನು ನೋಡಿ, ಬೆರಳು ಮಡಚಿ, ಮತ್ತೆ ಬಿಚ್ಚಿ ಎಣಿಸುತ್ತಿದ್ದಳು. ಸುತ್ತಲಿನವರೂ ನಮ್ಮ ಸಾಲನ್ನು ಎಣಿಸುತ್ತಿದ್ದರು. ಇನ್ನೊಂದಿಷ್ಟು ನಗು ಎದ್ದಿತು. ಅದು ಪೆಟ್ಟಿಗೆಯೊಳಗಿನ ಮಾತಿಗಲ್ಲ.

ಮನೆಗೆ ಬಂದ ಮೇಲೆ ಗುರವ್ವ ಅರ್ಧ ರೊಟ್ಟಿ ತಿಂದು ಸಾಕೆಂದಳು. ಅವಳು ಮೂರು ರೊಟ್ಟಿಯ ಗಿರಾಕಿ. ಮರುದಿನವೂ ಅರ್ಧವೇ. ಮಜ್ಜಿಗೆ ಬೇಕಾದರೆ ಕೈಚಾಚುವವಳು, ತಗೊಳ್ಳಲೇನು ಎಂದು ಕೇಳಿ ತಗೊಂಡಳು. ನನ್ನ ಅತ್ತೆ ನನಗೆ ಬೆಣ್ಣೆ ಬಡಿಸುವುದನ್ನು ಬಿಟ್ಟಿದ್ದಳು, ಅದರ ಸಂಕಟದಲ್ಲಿ ನಾನು ಇದನ್ನು ಗಮನಿಸಲಿಲ್ಲ. (ಹೇಳಲು ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಹಾಗೆಯೇ.) ಊರಿಗೆ ಹೊರಡುವ ದಿನ ಎಲ್ಲರ ಗಂಟು ಕಟ್ಟಿಯಾಗಿತ್ತು, ಅವಳದಿಲ್ಲ.

"ನೀವು ಹೋಗ್ರಿ. ನಾ ಇಲ್ಲೇ ಆಯಿ ಕಡೆ ಇರ್ತೀನಿ," ಎಂದಳು, ಅಜ್ಜಿಯ ಸೆರಗು ಹಿಡಿದು. ಏಕೆಂದು ಕೇಳಿದೆ.

"ಯಪ್ಪಾ, ನಾ ಮೂರನೇಕಿ ಹೌದಲ್ಲೊ?"

ಅದು ನಾಟಕ, ಸರಕಾರ ಆಡಿಸಿದ ಮಾತು ಎಂದೆ.

"ಬೀಗರ ಮಾತು ನಿಂದು. ಬಸ್ಸಿನ್ಯಾಗ ನೀನ ಹೇಳಿದಿ."

ಹದಿನಾಲ್ಕು ವರ್ಷ ರಾಜನಾಗಿ ಮೆರೆದ ನಾನು ಉಳಿದವರ ಗಂಟು ಹೊತ್ತು ಬಸ್ಸಿನ ಕಡೆ ನಡೆದೆ. ಅವಳನ್ನು ಅಲ್ಲೇ ಬಿಟ್ಟು ಬಂದೆವು. ಬಸ್ಸಿನಲ್ಲಿ ಮಹಾದೇವಕ್ಕ ಜಗಳ ತೆಗೆಯಲಿಲ್ಲ. ತೆಗೆದಿದ್ದರೆ ಹಗುರಾಗುತ್ತಿತ್ತು. ಹೊಳೆ ದಾಟಿದ ಮೇಲೆ ಮೆಲ್ಲಗೆ ಹೇಳಿದಳು: "ನಿಮಗ ಮಂದಿ ನಗಬೇಕು. ಯಾರನ್ನ ನೋಡಿ ನಗತಾರ ಅನ್ನೂದು ನಿಮಗ ಬ್ಯಾಡ." ಇನ್ನೊಂದಿಷ್ಟು ದೂರ ಹೋದ ಮೇಲೆ, "ಅಷ್ಟು ಮಂದಿಗಿ ಹೇಳೀರಿ. ಈಗ ನೀವೂ ಒಂದ ಸಲ ಮಾಡಿ ತೋರಸ್ರಿ. ಆರನೇದು ನನ್ನ ಕಡೆ ಆಗೂದಿಲ್ಲ."

ಆ ತಿಂಗಳು ನಮ್ಮ ಮನೆಯಲ್ಲಿ ಎಲ್ಲವೂ ಇತ್ತು, ಆದರೆ ನಾನು ಸೊಸೈಟಿಯಿಂದ ಬಂದಾಗ ಚಪ್ಪಲಿಯ ಸಪ್ಪಳಕ್ಕೆ ಓಡಿ ಬಂದು ಇವತ್ತು ಎಷ್ಟು ಚೀಲ ತೂಗಿದಿ ಎಂದು ಕೇಳುವ ಗುರವ್ವ ಇರಲಿಲ್ಲ. ಜೂನಿನಲ್ಲಿ ಶಾಲೆ ತೆರೆದಾಗ ಹೋಗಿ ಕರೆತಂದೆ. ಬಂದಳು. ನನ್ನ ಸಲುವಾಗಿ ಅಲ್ಲ, ಶಾಲೆಯ ಸಲುವಾಗಿ.

ಕುಂದಗೋಳದ ಕಡೆ ಮಕ್ಕಳಾಗದಂತೆ ಗಂಡಸರಿಗೆ ಮಾಡುವ ಆಪರೇಷನ್ನಿನ ಶಿಬಿರ ನಡೆಯುವ ಸುದ್ದಿ ಬಂದಾಗ ನಾನೇ ಹೊರಟೆ. ಬುತ್ತಿ ಹಿಡಿದುಕೊಂಡು ಜೊತೆಗೆ ಯಾರು ಹೋಗುತ್ತೀರಿ ಎಂದು ಮಹಾದೇವಕ್ಕ ಕೇಳಿದಳು. ಗುರವ್ವ ತಾನು ಹೋಗುವೆನೆಂದಳು. ನನಗೆ ಆಶ್ಚರ್ಯವಾಯಿತು.

ಶಿಬಿರದ ಕಾರಕೂನ ಒಂದು ಫಾರಂ ಕೊಟ್ಟ. ಮಕ್ಕಳ ಹೆಸರು ಬರೆಯಲು ಎರಡೇ ಗೆರೆ ಇದ್ದವು. ಉಳಿದವರನ್ನು ಎಲ್ಲಿ ಬರೆಯಲಿ ಎಂದೆ. ಹಿಂದೆ ಸಾಲು ಉದ್ದವಿತ್ತು. ಎರಡು ಹೆಸರು ಸಾಕು, ಬೇಗ ಮುಗಿಸಿ ಎಂದು ಅವನೆಂದ. ಗುರವ್ವ ಮೇಜಿನ ಅಂಚು ಹಿಡಿದು ನಿಂತು ನನ್ನ ಪೆನ್ನನ್ನೇ ನೋಡುತ್ತಿದ್ದಳು. ನಾನು ಮೊದಲ ಗೆರೆಯಲ್ಲೇ ದಪ್ಪ ಅಕ್ಷರದಲ್ಲಿ 'ಗುರವ್ವ' ಎಂದು ಬರೆದೆ. ಅವಳ ಮುಖ ಅರಳುವುದೆಂದು ನೋಡಿದೆ. ಅರಳಲಿಲ್ಲ.

"ನಾ ಮೂರನೇಕಿ," ಎಂದಳು. "ಮೂರನೇದಕ್ಕ ಬರಿ."

ಅದನ್ನು ಹೊಡೆದುಹಾಕಿ ಅಕ್ಕಂದಿರಿಬ್ಬರನ್ನು ಬರೆದೆ. ಕೆಳಗೆ, ಡಾಕ್ಟರು ಸಹಿ ಮಾಡುವ ಜಾಗದಲ್ಲಿ ಗುರವ್ವನನ್ನು, ಉಳಿದ ಇಬ್ಬರನ್ನು ಅಂಚಿನಲ್ಲಿ ಅಡ್ಡಲಾಗಿ ಬರೆದೆ. ಕಾರಕೂನ ಕಾಗದ ತಿರುವಿ ತಿರುವಿ ನೋಡಿದ. ಫಾರಂ ಕೆಟ್ಟಿದೆ, ಉಳಿದವು ಸಾಲಿನಲ್ಲಿರುವವರಿಗೇ ಬೇಕು, ಮುಂದಿನ ವಾರ ಬನ್ನಿ ಎಂದ.

ತಿರುಗಿ ಬಸ್ಸು ಹತ್ತಿದೆವು. ಗುರವ್ವ ಬುತ್ತಿ ಬಿಚ್ಚಿ ತನ್ನ ಪಾಲಿನ ರೊಟ್ಟಿ ಮುಗಿಸಿ, ಕೇಳದೆಯೇ ನನ್ನ ಪಾಲಿಗೂ ಕೈಹಾಕಿದಳು. ನಾನು ಹಸಿದುಕೊಂಡೇ ಕೂತು, ಮಾಡಿಸಿಕೊಳ್ಳಲು ಹೋದದ್ದನ್ನು ಮಾಡಿಸಿಕೊಳ್ಳದೆ ಬಂದದ್ದಕ್ಕೆ ಮಹಾದೇವಕ್ಕನ ಮುಂದೆ ಆಡಬೇಕಾದ ಮಾತನ್ನು ಬಾಯೊಳಗೇ ತಾಲೀಮು ಮಾಡತೊಡಗಿದೆ. ಗುರವ್ವ ಸ್ವಲ್ಪ ಹೊತ್ತು ನನ್ನ ತುಟಿ ಅಲ್ಲಾಡುವುದನ್ನು ನೋಡಿದಳು.

"ಯಪ್ಪಾ, ನೀ ಸುಮ್ನಿರು," ಎಂದಳು. "ಅವ್ವಗ ನಾ ಹೇಳ್ತೀನಿ."