ಹನ್ನೆರಡನೆಯ ನಿಯಮ

ಮನೆಯಲ್ಲಿದ್ದದ್ದು ಒಂದೇ ದೊಡ್ಡ ಮೇಜು. ತಂಟೆಗೆ ಅಷ್ಟೇ ಸಾಕಾಯಿತು. ಭಾನುವಾರ ಅದರ ಮೇಲೆ ಹೆಂಡತಿಗೆ ಬಟ್ಟೆ ಕತ್ತರಿಸಬೇಕು, ಗಂಡನಿಗೆ ಆಟ ಆಡಿಸಬೇಕು.

ಗಂಡ ಅಚ್ಚುಕೂಟದಲ್ಲಿ ಕರಡು ತಿದ್ದುವವನು. ನಿಯಮದ ಹುಚ್ಚಿನಿಂದಾಗಿ ಎಲ್ಲರ ಬಾಯಲ್ಲಿ ನಿಯಮರಾಯ. ಅವನದು ಕತೆ ಕಟ್ಟುವ ಆಟ: ಒಬ್ಬ ಕಳ್ಳನಾಗುತ್ತಾನೆ, ಇನ್ನೊಬ್ಬ ಕೋಟೆಯ ಕಾವಲುಗಾರ, ಇಬ್ಬರಿಗೂ ಜಗಳ ಹತ್ತಿದರೆ ದಾಳ ತೀರ್ಮಾನಿಸುತ್ತದೆ. ದಾಳ ಹಾಕುವ ಮೊದಲು ಗೆದ್ದರೆ ಏನು, ಸೋತರೆ ಏನು ಎಂದು ಬಾಯಿಬಿಟ್ಟು ಹೇಳಬೇಕು. ಹೋದ ವಾರ ಆಟಕ್ಕೆ ಬರುವ ಲಿಫ್ಟ್ ಮೆಕ್ಯಾನಿಕ್ ಅರ್ಧಕ್ಕೇ ಮುನಿಸಿಕೊಂಡು ಎದ್ದುಹೋದ ಮೇಲೆ ಹನ್ನೆರಡನೆಯ ನಿಯಮ ಹುಟ್ಟಿತು: "ಫಲ ತಿಳಿಯುವ ಮುನ್ನ ಎದ್ದವರು ಸೋತಂತೆ." ನಿಯಮಗಳ ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿ, ಕೆಳಗೆ ಎರಡು ಗೆರೆ. ಕಚೇರಿಯಲ್ಲಿ ಯಾರೂ ಅವನ ಮಾತು ಕೇಳುತ್ತಿರಲಿಲ್ಲ. ಪಾಪ, ನೋಟ್‌ಬುಕ್ಕಾದರೂ ಕೇಳಲಿ!

ಈ ಭಾನುವಾರ ಔಷಧಿ ಅಂಗಡಿಯವರೂ ಮೆಕ್ಯಾನಿಕ್ಕೂ ಬಂದು ಕೂರುವಷ್ಟರಲ್ಲಿ ಹೆಂಡತಿ ಮೇಜಿನ ತುಂಬ ನೀಲಿ ಬಟ್ಟೆ ಹರಡಿದ್ದಳು.

"ನಾಳೆ ಇಪ್ಪತ್ತು ಯೂನಿಫಾರ್ಮ್ ಕೊಡ್ಬೇಕು ರೀ. ನೆಲದ ಮೇಲೆ ಬಗ್ಗಿ ಬಗ್ಗಿ ನನ್ನ ಸೊಂಟ ಬಿದ್ದುಹೋಗಿದೆ."

"ಇವತ್ತು ಕೋಟೆಗೆ ಮುತ್ತಿಗೆ ಕಣೇ!"

"ಹಾಗಾದ್ರೆ ದಾಳಾನೇ ಹೇಳ್ಲಿ ಬಿಡಿ," ಎಂದರು ಔಷಧಿ ಅಂಗಡಿಯವರು. ಬೇರೆಯವರ ಮನೆ ಜಗಳ ಅವರಿಗೆ ಊಟಕ್ಕಿಂತ ರುಚಿ.

ನಿಯಮರಾಯ ಹಿಗ್ಗಿಹೋದ. "ಎರಡು ದಾಳ. ಏಳೋ ಅದಕ್ಕಿಂತ ಹೆಚ್ಚೋ ಬಿದ್ರೆ ವರ್ಷಪೂರ್ತಿ ಭಾನುವಾರದ ಮೇಜು ನನಗೆ. ಕಮ್ಮಿ ಬಿದ್ರೆ ನಿನಗೆ. ನನ್ನ ನಿಯಮಗಳ ಪ್ರಕಾರ!"

"ಎಲ್ಲಾ ನಿಯಮಾನೂ?"

"ಎಲ್ಲಾ!"

ಪಕ್ಕದಲ್ಲಿ ಕೂತಿದ್ದ ಅವನ ಅಮ್ಮನೇ ಸಾಕ್ಷಿ. ದಾಳ ಎಸೆದ. ಒಂದು ದಾಳ ಮೂರು ತೋರಿಸಿ ನಿಂತಿತು. ಇನ್ನೊಂದು ಬಟ್ಟೆಯ ಮೇಲೆ ಜಾರಿ, ನೆಲಕ್ಕೆ ಹಾರಿ, ಅವನ ಕುರ್ಚಿಯ ಕೆಳಗೆ ನುಸುಳಿತು. ನಾಲ್ಕು ಬಿದ್ದಿದ್ದರೆ ಸಾಕು. ಅಮ್ಮ ಕನ್ನಡಕ ಏರಿಸಿಕೊಂಡು ಬಗ್ಗಿದರು.

"ಏಳು!"

ಹುಟ್ಟಿದಾಗಿನಿಂದ ಬೆಳಿಗ್ಗೆ ಇದೇ ದನಿಗೆ ಹಾಸಿಗೆ ಬಿಟ್ಟವನು. ದಡಕ್ಕನೆ ಎದ್ದು ನಿಂತ. ಆಮೇಲೆ ಕೂಗಿದ: "ಗೆದ್ದೆ!"

"ಏನೋ ಗೆದ್ದಿದ್ದು? ನಿನ್ನ ಕಾಲು ಅಡ್ಡ, ದಾಳ ಎಲ್ಲಿ ಕಾಣುತ್ತೆ? ಅದಕ್ಕೇ ಏಳು ಅಂದೆ."

ಹೆಂಡತಿ ಆಗಲೇ ನೋಟ್‌ಬುಕ್ ತೆಗೆದಿದ್ದಳು. "ಫಲ ತಿಳಿಯುವ ಮುನ್ನ ಎದ್ದವರು... ಎರಡು ಗೆರೆ ಬೇರೆ ಎಳೆದಿದ್ದೀರಲ್ಲ ರೀ!"

ಮೆಕ್ಯಾನಿಕ್ ಕುರ್ಚಿ ಸರಿಸಿ ಇಣುಕಿದ. "ಅಯ್ಯೋ ಸಾರ್, ನಾಲ್ಕು! ಮೂರೂ ನಾಲ್ಕೂ ಏಳು. ಕೂತೇ ಇದ್ದಿದ್ರೆ ಗೆದ್ದಿರ್ತಿದ್ರಿ!"

"ನನ್ನ ಹಳ್ಳ ನಾನೇ ತೋಡಿಕೊಂಡೆ," ಎಂದ ನಿಯಮರಾಯ. "ಅಳತೆಯನ್ನೂ ನಾನೇ ಕೊಟ್ಟೆ."

ಮುತ್ತಿಗೆ ಅಡುಗೆಮನೆಯ ನೆಲದ ಮೇಲೆ ಶುರುವಾಯಿತು. ಮೊದಲು ಅವನು ಕೆಂಪು ಪೆನ್ನು ಹಿಡಿದು ಹದಿಮೂರನೆಯ ನಿಯಮ ಬರೆಯಲು ಕೂತ: "ಅಮ್ಮಂದಿರು ಏಳು ಎಂದರೆ ಯಾರೂ..."

"ಏಳೋ, ನೆಲ ಒರೆಸ್ಬೇಕು," ಎಂದರು ಅಮ್ಮ.

ಎದ್ದ.